ಸಾಯುವವರಿಗೆ ಮಾತ್ರ ಸ್ವಾಮಿ

ನಮ್ಮ ರಸ್ತೆಯಲ್ಲಿ ಅವರು ಯಾರ ಮನೆಯ ಗೇಟು ತೆಗೆದರೂ ಆ ಮನೆಯ ಮುದುಕರ ಎದೆ ಧಸಕ್ಕೆನ್ನುತ್ತಿತ್ತು. ಒಮ್ಮೆ ಮೂಲೆಮನೆಯ ಹುಡುಗಿ ಬಿಟ್ಟುಹೋಗಿದ್ದ ಟ್ಯೂಷನ್ ಪುಸ್ತಕ ಕೊಡಲು ಹೋಗಿದ್ದಾರೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಮೊರವನ್ನು ಅಲ್ಲೇ ಬಿಸಾಕಿ, "ಅಯ್ಯೋ, ನಾನಿನ್ನೂ ಗಟ್ಟಿಯಾಗಿದೀನಿ ಕಣ್ರಪ್ಪಾ! ಯಾರು ಇವರನ್ನ ಕರೆಸಿದ್ದು?" ಎಂದು ಸೊಸೆಯ ಮೇಲೆ ಕೂಗಾಡಿದಳು. ಅವರು ಪುಸ್ತಕವನ್ನು ಕಟ್ಟೆಯ ಮೇಲಿಟ್ಟು, "ಇವತ್ತು ಬರೀ ವ್ಯಾಕರಣ ಅಜ್ಜಿ, ಗಾಬರಿಯಾಗಬೇಡಿ" ಎಂದು ಹೇಳಿ ವಾಪಸು ಬಂದರು. ನನಗೆ ಈ ಕಥೆಯನ್ನು ಹೇಳಿದ್ದು ಅವರೇ. ಹೇಳಿ ತಾವೇ ನಕ್ಕರು.

ಹೋದ ತಿಂಗಳು ಅವರು ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಆ ಹೆಸರನ್ನು ನಮ್ಮ ಜನ ಬೇಕಾದಷ್ಟು ಎಳೆದಾಡಿದ್ದಾಗಿದೆ, ಸತ್ತ ಮೇಲಾದರೂ ಅದಕ್ಕೆ ವಿಶ್ರಾಂತಿ ಸಿಗಲಿ. ಸಿದ್ಧಾರ್ಥನಗರದ ನಮ್ಮ ಭಾಗದಲ್ಲಿ ಎಲ್ಲರಿಗೂ ಅವರು ಮೇಷ್ಟ್ರು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲಿ ಫೇಲಾದವರನ್ನೆಲ್ಲ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಕೂರಿಸಿಕೊಂಡು ದಡ ಮುಟ್ಟಿಸುತ್ತಿದ್ದರು. ಒಳಗಿನ ಕೋಣೆಯಲ್ಲಿ ಅವರ ಹೆಂಡತಿಯ ಹೊಲಿಗೆ ಯಂತ್ರ ಕಟಕಟ ಅನ್ನುತ್ತಿತ್ತು. ಮಕ್ಕಳಿರಲಿಲ್ಲ. ನಾನು ಅದೇ ರಸ್ತೆಯಲ್ಲಿ ಎರಡು ಮನೆ ಆಚೆಗೆ ನನ್ನ ತಾಯಿಯ ಜೊತೆ ಇದ್ದೆ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ, ಆದ್ದರಿಂದ ಅವರಿಗೆ ನಾನು ಟೀಚರ್. ಅವರ ಹೆಂಡತಿ ನನಗೆ ಅಕ್ಕ.

ಮೇಷ್ಟ್ರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಕಾಫಿ ಕುಡಿದಾದ ಮೇಲೆ ಲೋಟಕ್ಕೆ ಒಂದು ಗುಟುಕು ನೀರು ಹಾಕಿ, ಸುತ್ತಲೂ ಅಲ್ಲಾಡಿಸಿ, ಆ ನೀರನ್ನೂ ಕುಡಿದು, ಹೆಗಲ ಮೇಲಿನ ಟವೆಲಿನಿಂದ ಲೋಟದ ಒಳಗನ್ನು ನಿಧಾನವಾಗಿ ಒರೆಸಿ ಕೆಳಗಿಡುತ್ತಿದ್ದರು. ಜಿಪುಣತನ ಎಂದು ನಾನು ಅಂದುಕೊಂಡಿದ್ದೆ. ನನ್ನ ತಾಯಿ ಮಾತ್ರ ಮೊದಲ ದಿನವೇ ಅದನ್ನು ದುರುಗುಟ್ಟಿಕೊಂಡು ನೋಡಿದಳು. ಅವರು ಆಚೆ ಹೋದ ಮೇಲೆ, "ಈ ಮನುಷ್ಯ ಎಲ್ಲೋ ಪೂಜೆಪಾತ್ರೆ ತೊಳೆದಿದಾನೆ ಕಣೇ" ಅಂದಳು. ಪೂಜೆಯ ಕೊನೆಗೆ ಸ್ವಾಮಿಗಳು ಬಟ್ಟಲನ್ನು ಹಾಗೇ ತೊಳೆದು ಕುಡಿದು ಒರೆಸುವುದು. ಚರ್ಚಿನ ಗುರುಗಳನ್ನು ನಾವು ಸ್ವಾಮಿಗಳು ಅನ್ನುತ್ತೇವೆ. ನನ್ನ ತಾಯಿ ನಲವತ್ತು ವರ್ಷ ಚರ್ಚಿನ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವಳು, ಅವಳ ಕಣ್ಣಿಗೆ ಮಣ್ಣೆರಚುವುದು ಸುಲಭವಿರಲಿಲ್ಲ.

ಅವಳ ಅನುಮಾನ ಆ ವರ್ಷವೇ ನಿಜವಾಯಿತು. ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ಎಲ್ಲರೂ ಸಮಾಧಿಗಳಿಗೆ ಹೂ ಹಾಕಿ, ಮೇಣದ ಬತ್ತಿ ಹಚ್ಚಿ, ಸ್ವಾಮಿಗಳು ಬಂದು ಮಂತ್ರಿಸಲಿ ಎಂದು ಕಾಯುತ್ತಿದ್ದೆವು. ದೂರದೂರಿನಿಂದ ನೆಂಟರ ಸಮಾಧಿಗೆ ಬಂದಿದ್ದ ಒಬ್ಬ ಹೆಂಗಸು ಮೇಷ್ಟ್ರನ್ನು ಕಂಡದ್ದೇ ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಕೆಳಗಿಟ್ಟು, "ಸ್ತೋತ್ರ ಸ್ವಾಮಿ! ಎಲ್ಲೋಗ್ಬುಟ್ರಿ ನಮ್ಮನ್ನ ಬುಟ್ಟು?" ಎಂದು ಕಾಲಿಗೆ ಬಿದ್ದಳು. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು, "ನಾನೀಗ ಸ್ವಾಮಿ ಅಲ್ಲ ತಾಯಿ, ಏಳಿ" ಎಂದರು. ಪಕ್ಕದಲ್ಲಿ ಅಕ್ಕ ಮೇಣದ ಬತ್ತಿಯ ಪೊಟ್ಟಣ ಹಿಡಿದು ನಿಂತಿದ್ದಳು. ಸಮಾಧಿ ಸ್ಥಳದಲ್ಲಿದ್ದವರೆಲ್ಲ ಆಮೇಲೆ ಮೇಷ್ಟ್ರನ್ನು ನೋಡಲಿಲ್ಲ, ಅವಳನ್ನು ನೋಡಿದರು.

ಅವರು ಕದ್ದು ಓಡಿಬಂದವರೇನಲ್ಲ. ಗುರುಪಟ್ಟ ಬಿಟ್ಟು ಮದುವೆಯಾಗಲು ರೋಮಿನಿಂದ ಅಪ್ಪಣೆ ಪಡೆದು, ಚರ್ಚಿನಲ್ಲೇ ತಾಳಿ ಕಟ್ಟಿದ್ದರು. ಪೂಜೆ ಮಾಡಬಾರದು, ಹಳೆಯ ಊರಿನಲ್ಲಿ ಇರಬಾರದು ಎಂಬ ಷರತ್ತಿಗೆ ಒಪ್ಪಿ ಇಲ್ಲಿಗೆ ಬಂದಿದ್ದರು. "ರೋಮಿನೋರು ಒಪ್ಪಿದ್ರು ಟೀಚರ್, ರಸ್ತೆಯೋರು ಒಪ್ಪಲಿಲ್ಲ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ರಸ್ತೆಯವರು ಒಪ್ಪದಿರಲು ಒಂದು ಕಾರಣವಿತ್ತು. ನಾನು ಚಿಕ್ಕವಳಿದ್ದಾಗ ನಮ್ಮ ಚರ್ಚಿನ ಗುರುಮನೆಯಲ್ಲಿ ಮೂವರು ಸ್ವಾಮಿಗಳಿದ್ದರು. ಒಬ್ಬರು ಗುಲಾಬಿ ಗಿಡಗಳ ಸಂಗಡ ಮಾತಾಡಿಕೊಂಡಿರುತ್ತಿದ್ದರು, ಇನ್ನೊಬ್ಬರು ನಮ್ಮ ಜೊತೆ ಲಗೋರಿ ಆಡುತ್ತಿದ್ದರು. ಸ್ವಾಮಿಗಳೆಂದರೆ ಬಾವಿಯ ನೀರಿದ್ದ ಹಾಗೆ, ಹಗ್ಗ ಬಿಟ್ಟಾಗೆಲ್ಲ ಸಿಗುತ್ತದೆ ಎಂದುಕೊಂಡಿದ್ದೆವು. ತೊಂಬತ್ತರ ದಶಕದ ಹೊತ್ತಿಗೆ ಒಬ್ಬರೇ ಉಳಿದರು. ಮುದುಕರು ಸತ್ತರು, ಸ್ವಾಮಿಗಳಾಗಲೆಂದು ಗುರುಮಠಕ್ಕೆ ಸೇರುವ ಹುಡುಗರು ಕಡಿಮೆಯಾದರು, ಸೇರಿ ಪಟ್ಟ ಪಡೆದವರಲ್ಲೂ ಕೆಲವರು ಜರ್ಮನಿಗೋ ಇಟಲಿಗೋ ಹೋದರು. ಅಲ್ಲಿಯೂ ಸ್ವಾಮಿಗಳಿಲ್ಲವಂತೆ. ನಮಗೆ ಉಳಿದ ಆ ಒಬ್ಬರು ಇನ್ನೂ ತಲೆ ನರೆಯದ ಮನುಷ್ಯ. ನಮ್ಮ ಚರ್ಚಲ್ಲದೆ ಶ್ರೀರಾಂಪುರದ ಹೊಸ ಬಡಾವಣೆಯ ಪ್ರಾರ್ಥನಾಮಂದಿರ, ನರಸೀಪುರದ ರಸ್ತೆಯ ಒಂದು ಹಳ್ಳಿ, ಮೂರೂ ಅವರ ಹೆಗಲಿಗೇ ಬಿದ್ದಿದ್ದವು. ಕೈಗಡಿಯಾರ ಬಿಚ್ಚಿ ಪೀಠದ ಮೇಲಿಟ್ಟುಕೊಂಡು ಪೂಜೆ ಮಾಡುತ್ತಿದ್ದರು. ಕೊನೆಯ ಹಾಡು ಮುಗಿಯುವ ಮೊದಲೇ ಹೊರಗೆ ಸ್ಕೂಟರಿನ ಕಿಕ್ ಹೊಡೆಯುವ ಸದ್ದು ಕೇಳುತ್ತಿತ್ತು.

ವಾರದ ದಿನಗಳ ಪೂಜೆ ನಿಂತಿತು. ಸ್ವಾಮಿಗಳು ಕೂತು ಜನರ ಪಾಪಸಂಕೀರ್ತನೆ, ಎಂದರೆ ತಪ್ಪೊಪ್ಪಿಗೆ, ಕೇಳುವ ಮರದ ಗೂಡಿನಲ್ಲಿ ಮುರಿದ ಕುರ್ಚಿಗಳನ್ನು ತುಂಬಿದರು. ಮದುವೆಯ ದಿನವನ್ನು ಸ್ವಾಮಿಗಳಿಗೆ ಪುರುಸೊತ್ತು ನೋಡಿ ಗೊತ್ತು ಮಾಡಬೇಕಾಯಿತು. ಅದನ್ನೆಲ್ಲ ಜನ ಗೊಣಗಿಕೊಂಡು ಸಹಿಸಿದರು. ಸಹಿಸಲಾಗದ್ದು ಒಂದೇ, ಸಾಯುವಾಗ ಸ್ವಾಮಿಗಳಿಲ್ಲದೆ ಸಾಯುವುದು. ಮಾಡಿದ್ದನ್ನೆಲ್ಲ ಹೇಳಿಕೊಂಡು, ಕ್ಷಮೆ ಪಡೆದು ಕಣ್ಣು ಮುಚ್ಚಬೇಕೆನ್ನುವುದು ನಮ್ಮವರ ಕೊನೆಯ ಆಸೆ. ಹೊರೆ ಹೊತ್ತುಕೊಂಡೇ ಹೋಗುವುದೆಂದರೆ ನಮಗೆ ಸಾವಿಗಿಂತ ದೊಡ್ಡ ಭಯ.

ಈ ಭಯಕ್ಕೆ ಯಾರನ್ನಾದರೂ ಹೊಣೆ ಮಾಡಬೇಕಲ್ಲ, ಅಕ್ಕ ಕೈಗೆ ಸಿಕ್ಕಿದಳು. ಭಾನುವಾರದ ಪೂಜೆ ಇಲ್ಲವೆಂದು ಬೋರ್ಡಿನಲ್ಲಿ ಬರೆದ ದಿನವೆಲ್ಲ ಹೆಂಗಸರ ಕಣ್ಣು ಅವಳ ಬೆನ್ನಿನ ಮೇಲೆ. ಪೂಜೆಯಲ್ಲಿ ಮೊದಲ ಸಲ ಪ್ರಸಾದ ಪಡೆಯುವ ಹೆಣ್ಣುಮಕ್ಕಳಿಗೆ ಬಿಳಿ ಫ್ರಾಕು ಹೊಲಿಸಲು ಎಲ್ಲರಿಗೂ ಅವಳೇ ಬೇಕು, ಬೆಂಚಿನಲ್ಲಿ ಅವಳ ಪಕ್ಕ ಕೂರಲು ಯಾರೂ ಇಲ್ಲ. ಇದಕ್ಕೆಲ್ಲ ಮುಂದಾಳು ನನ್ನ ತಾಯಿಯೇ. ಒಂದು ದಿನ ಚರ್ಚಿನ ಮೆಟ್ಟಿಲ ಮೇಲೆ, ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟಳು. "ಇರೋದೇ ಬೆರಳೆಣಿಕೆ. ಅದ್ರಲ್ಲೂ ಒಬ್ಬರನ್ನ ಕಿತ್ಕೊಂಡೋಗಿ ಮನೇಲಿ ಕೂರಿಸ್ಕೊಂಡವ್ಳೆ ಮಾರಾಯ್ತಿ. ನಾಳೆ ಸ್ವಾಮಿಗಳು ಸಿಗದೆ ಸಾಯೋರ ಪಾಪ ಎಲ್ಲಾ ಇವಳ ತಲೆಗೇ."

ಅಕ್ಕ ಸುಮ್ಮನಿರುವವಳಲ್ಲ. ತಿರುಗಿ ನಿಂತು, "ಆಯ್ತಮ್ಮ, ನಾನೊಬ್ಬರನ್ನ ಕಿತ್ಕೊಂಡೆ. ನೀವೊಬ್ಬರನ್ನ ಕೊಡಿ, ಸರಿಹೋಗುತ್ತೆ. ನಿಮ್ಮ ಮಗ ಇದಾನಲ್ಲ" ಎಂದಳು. ನನ್ನ ತಮ್ಮನನ್ನು ಗುರುಮಠಕ್ಕೆ ಕಳಿಸಿ ಎಂದು ಸ್ವಾಮಿಗಳು ಕೇಳಿದಾಗ ನನ್ನ ತಾಯಿ ಒಂದೇ ವಾರದಲ್ಲಿ ಅವನನ್ನು ಪಾಲಿಟೆಕ್ನಿಕ್ಕಿಗೆ ಸೇರಿಸಿದ್ದು ಎಲ್ಲರಿಗೂ ಗೊತ್ತಿತ್ತು. ಮೆಟ್ಟಿಲ ಮೇಲೆ ಕೆಲವರು ನಕ್ಕರು. ನನ್ನ ತಾಯಿ ಆಮೇಲೆ ಅವಳ ಜೊತೆ ಮಾತು ಬಿಟ್ಟಳು. ಮೇಷ್ಟ್ರು ಇದನ್ನು ಕೇಳಿ ನನಗೆ ಹೇಳಿದ್ದು ಇಷ್ಟೇ: "ಸ್ವಾಮಿಗಳು ಎಲ್ಲರಿಗೂ ಬೇಕು ಟೀಚರ್. ಆದ್ರೆ ಪಕ್ಕದ ಮನೇಲಿ ಹುಟ್ಟಬೇಕು."

ಅದಾಗಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ತಾಯಿ ಹಾಸಿಗೆ ಹಿಡಿದಳು. ಎದೆಯಲ್ಲಿ ನೀರು ತುಂಬಿತ್ತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ಹೇಳಿದರು. ಮಧ್ಯಾಹ್ನ ಉಸಿರು ಮೇಲೆ ಕೆಳಗೆ ಆಗತೊಡಗಿತು. ತಮ್ಮ ಬೈಕಿನಲ್ಲಿ ಸ್ವಾಮಿಗಳನ್ನು ಹುಡುಕಿಕೊಂಡು ಹೋದ. ಅವರು ಹಳ್ಳಿಯಲ್ಲಿ ಒಂದು ಮಣ್ಣಿಗೆ ಹೋಗಿದ್ದರು, ಅಲ್ಲಿಂದ ಎಲ್ಲಿಗೋ. "ಬಂದ್ರಾ? ಬಂದ್ರಾ?" ಎಂದು ನನ್ನ ತಾಯಿ ಬಾಗಿಲನ್ನೇ ನೋಡುತ್ತಿದ್ದಳು. ಅಷ್ಟು ಜೋರಿನ ಹೆಂಗಸು ಮಗುವಿನ ಹಾಗೆ ನನ್ನ ಸೆರಗು ಹಿಡಿದುಕೊಂಡಿದ್ದಳು. ಕೊನೆಗೆ ತಾನೇ ಹೇಳಿದಳು: "ಆ ಮೇಷ್ಟ್ರನ್ನ ಕರಿ."

ನನಗೆ ಅರ್ಥವಾಗಲಿಲ್ಲ. ಅವಳು ಉಸಿರು ಹಿಡಿದು ಹಿಡಿದು ಪಾಠ ಮಾಡಿದಳು. "ಒಂದ್ಸಲ ಪಟ್ಟ ಆದ್ರೆ ಅಳಿಸೋಕಾಗಲ್ಲ ಕಣೇ. ಕೆಲಸ ಕಿತ್ಕೋಬೋದು, ಪಟ್ಟ ಕಿತ್ಕೊಳಾಕಾಗಲ್ಲ. ಸಾಯೋರಿಗೆ ಮಾತ್ರ ಅವರು ಕ್ಷಮೆ ಕೊಡಬೋದು. ನಾನೇ ಎಷ್ಟು ಮಕ್ಕಳಿಗೆ ಹೇಳ್ಕೊಟ್ಟಿಲ್ಲ."

ನಾನು ಓಡಿದೆ. ಮೇಷ್ಟ್ರು ಟ್ಯೂಷನ್ನಿನ ಮಧ್ಯೆ ಎದ್ದು ಬಂದು ಕೇಳಿದ ಮೊದಲ ಮಾತು, "ಡಾಕ್ಟರ್ ಏನಂದ್ರು? ನಿಜವಾಗ್ಲೂ ಹೋಗ್ತಾರಾ?" ನನಗೆ ಮೈಯೆಲ್ಲ ಉರಿದುಹೋಯಿತು. ನೆರೆಯವನು ಕೇಳುವ ಮಾತೇ ಇದು? ಆದರೆ ಅವರು ಕೇಳಲೇಬೇಕಿತ್ತು. ಬದುಕುವ ಮನುಷ್ಯನ ಮುಂದೆ ಅವರು ಬರಿಯ ಟ್ಯೂಷನ್ ಮೇಷ್ಟ್ರು, ಸಾಯುವವನ ಮುಂದೆ ಮಾತ್ರ ಗುರು. ನಾನು ಹೌದೆಂದೆ. ಅವರು ಬರಿಗೈಯಲ್ಲಿ ಹೊರಟದ್ದನ್ನು ಕಂಡು ಅಕ್ಕ, "ಒಂದ್ನಿಮಿಷ ತಾಳಿ" ಎಂದು ಒಳಗೆ ಹೋದಳು. ರವಿಕೆಗೆ ತಂದಿಟ್ಟಿದ್ದ ನೇರಳೆ ಬಟ್ಟೆಯನ್ನು ಉದ್ದಕ್ಕೆ ಕತ್ತರಿಸಿ, ಅಂಚು ಮಡಿಸಿ, ಯಂತ್ರದಲ್ಲಿ ಕಟಕಟ ಓಡಿಸಿ ತಂದುಕೊಟ್ಟಳು. ಪಾಪಸಂಕೀರ್ತನೆ ಕೇಳುವಾಗ ಸ್ವಾಮಿಗಳು ಕೊರಳಿಗೆ ಹಾಕಿಕೊಳ್ಳುವ ಪಟ್ಟಿ ಅದು. ತನಗೆ ಮೆಟ್ಟಿಲ ಮೇಲೆ ಆ ಮಾತು ಅಂದವಳಿಗಾಗಿ ಹೊಲಿದುಕೊಟ್ಟಳು.

ಅವರು ಒಳಗೆ ಕಾಲಿಟ್ಟಾಗ ನನ್ನ ತಾಯಿ ಎರಡೂ ಕೈ ಎತ್ತಿ, "ಸ್ತೋತ್ರ ಸ್ವಾಮಿ" ಎಂದಳು. ಮೇಷ್ಟ್ರು ನೇರಳೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡರು. ಆಮೇಲೆ ನಮ್ಮನ್ನು ಹೊರಗೆ ಕಳಿಸಿದರು.

ಎಲ್ಲ ಮುಗಿದ ಮೇಲೆ ಹಿಂದಿನ ಬಾಗಿಲಿನಿಂದ ಹೋದರು. ನನ್ನ ತಾಯಿಯ ಮುಖ ತಿಳಿಯಾಗಿತ್ತು. ಅಕ್ಕನನ್ನು ಕರೆಸಿಕೊಂಡು, "ನಿನಗೆ ಬಾಯಿಗ್ ಬಂದಂಗೆ ಅಂದ್ಬುಟ್ಟಿದೀನಿ. ಮನಸ್ನಲ್ಲಿಟ್ಕೋಬೇಡ ಕಣಮ್ಮ" ಅಂದಳು. ಅಕ್ಕ ಅವಳ ಕಾಲು ಒತ್ತುತ್ತ, "ಬುಡಿ ಅಮ್ಮ, ನಂಗೆ ಅದು ಮರ್ತೇ ಹೋಗಿತ್ತು" ಎಂದಳು. ಕತ್ತಲಾಗುವ ಮೊದಲು ನನ್ನ ತಾಯಿ ಹೋದಳು. ಸ್ವಾಮಿಗಳು ಮರುದಿನ ಬೆಳಿಗ್ಗೆ ಬಂದರು.

ಅವರಿಗೆ ವಿಷಯ ತಿಳಿದಾಗ ಮೊದಲು ಸಿಟ್ಟೇ ಬಂತು. ಮುಂದಿನ ಭಾನುವಾರ ಪೀಠದಿಂದಲೇ, "ಅಧಿಕಾರವಿಲ್ಲದವರನ್ನು ಮನೆಗೆ ಕರೆಯಬಾರದು, ನನಗೆ ಹೇಳಿಕಳಿಸಿ" ಎಂದು ಸಾರಿದರು. ಕೊನೆಯ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರು ಸರಿ ಸರಿ ಎಂಬಂತೆ ತಲೆಯಾಡಿಸಿದರು. ಆದರೆ ಹೇಳಿಕಳಿಸಿದವರಿಗೆಲ್ಲ ಸ್ವಾಮಿಗಳು ಸಿಗಬೇಕಲ್ಲ. ಕೆಲವು ತಿಂಗಳಾದ ಮೇಲೆ ಒಂದು ಆಟೋ ಮೇಷ್ಟ್ರ ಗೇಟಿಗೆ ಬಂದು ನಿಂತಿತು. "ಲಕ್ಷ್ಮೀಪುರದಲ್ಲಿ ಒಬ್ಬರಿಗೆ ಸೀರಿಯಸ್ಸು. ಫಾದರ್ ಶ್ರೀರಾಂಪುರದಲ್ಲಿ ಸಿಕ್ಕಾಕ್ಕೊಂಡವ್ರೆ. ನಿಮ್ಮನ್ನೇ ಕರ್ಕೊಂಡೋಗು ಅಂದ್ರು" ಎಂದ ಡ್ರೈವರು. ಯಾವ ಫಾದರ್ ಎಂದು ಮೇಷ್ಟ್ರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಆಟೋ ಹತ್ತಿದರು. ಅಲ್ಲಿಂದಾಚೆಗೆ ಅದೇ ಪದ್ಧತಿಯಾಯಿತು. ಪೀಠದ ಮೇಲೆ ಅದರ ಮಾತು ಮತ್ತೆ ಬರಲಿಲ್ಲ.

ಮೇಷ್ಟ್ರಿಗೆ ಅವರದೇ ಕಟ್ಟುನಿಟ್ಟು. ಸಾಯುವವರ ಹಣೆಗೆ ಹಚ್ಚುವ ಪವಿತ್ರ ತೈಲ ಮುಟ್ಟುತ್ತಿರಲಿಲ್ಲ, ಪ್ರಸಾದ ಒಯ್ಯುತ್ತಿರಲಿಲ್ಲ, ಆಶೀರ್ವಾದ ಕೇಳಿದರೆ ಬಲಗೈಯನ್ನು ಜೇಬಿಗೆ ಸೇರಿಸುತ್ತಿದ್ದರು. ಕೇಳುವುದು, ಕ್ಷಮೆ ಕೊಡುವುದು, ಎದ್ದು ಬರುವುದು. ಯಾರ ಮನೆಯಲ್ಲೂ ಒಂದು ಲೋಟ ನೀರು ಮುಟ್ಟುತ್ತಿರಲಿಲ್ಲ. ಸಾಯದವರು ಸಾಯುತ್ತೇವೆಂದು ಹೆದರಿ ಕರೆಸಿದಾಗ ಮಾತ್ರ ಪೇಚಾಟ. ರೈಲ್ವೆ ವರ್ಕ್‌ಷಾಪಿನಿಂದ ನಿವೃತ್ತರಾದ ಒಬ್ಬರು ಹೀಗೆ ಎಲ್ಲವನ್ನೂ ಒಪ್ಪಿಸಿ, ಕೈ ಮುಗಿದು, ಕಣ್ಣು ಮುಚ್ಚಿದರು. ಮಾರನೆಯ ದಿನ ಇಡ್ಲಿ ಕೇಳಿದರು. ಆಮೇಲೆ ಬಹಳ ವರ್ಷ ಗುಂಡುಕಲ್ಲಿನ ಹಾಗೆ ಬದುಕಿದರು. ಮೇಷ್ಟ್ರು ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಒಮ್ಮೆ ತರಕಾರಿ ಗಾಡಿಯ ಹಿಂದೆ ಬಗ್ಗಿ ಕೂತಿದ್ದನ್ನು ನಾನೇ ಕಂಡಿದ್ದೇನೆ. "ನನಗೆ ಯಾರದೂ ನೆನಪಿರಲ್ಲ ಟೀಚರ್" ಎಂದರು ಮೇಷ್ಟ್ರು. "ಅವರಿಗೆ ನೆನಪಿದೆ ನೋಡಿ, ಅದೇ ಕಷ್ಟ."

ಒಮ್ಮೆ ನಾನು ಕೇಳಿದೆ, "ಮೇಷ್ಟ್ರೇ, ಬಿಟ್ಟಿದ್ದಕ್ಕೆ ಬೇಜಾರಿಲ್ವಾ?" ಅವರು ಹುಡುಗರ ನೋಟ್ಸಿನ ಮೇಲೆ ಕೆಂಪು ಗೆರೆ ಎಳೆಯುತ್ತಲೇ ಉತ್ತರ ಕೊಟ್ಟರು. "ಒಬ್ಬನೇ ಊಟ ಮಾಡಿ ಮಾಡಿ ಸಾಕಾಗಿತ್ತು ಟೀಚರ್. ಊರೋರೆಲ್ಲ ಕಾಲಿಗೆ ಬೀಳೋರು, ಜ್ವರ ಬಂದ್ರೆ ಹಣೆ ಮುಟ್ಟಿ ನೋಡೋರಿಲ್ಲ. ಇವಳು ಮುಟ್ಟಿ ನೋಡಿದ್ಲು." ಅವರು ತಮ್ಮ ಬಗ್ಗೆ ಅದಕ್ಕಿಂತ ಹೆಚ್ಚು ಯಾವತ್ತೂ ಹೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಅಕ್ಕನಿಗೆ ಗರ್ಭಕೋಶದ ಕ್ಯಾನ್ಸರ್ ಆಯಿತು. ತಿಳಿಯುವ ಹೊತ್ತಿಗೆ ತಡವಾಗಿತ್ತು. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿದರು. ನಾನು ಶಾಲೆ ಮುಗಿಸಿಕೊಂಡು ಹೋಗಿ ಅವಳ ಪಕ್ಕ ಕೂರುತ್ತಿದ್ದೆ. ಒಂದು ಸಂಜೆ ಮೇಷ್ಟ್ರು ಔಷಧಿ ತರಲು ಹೋದಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ನನಗೆ ಕೊನೇಲಿ ಸ್ವಾಮಿಗಳು ಬೇಕು ಕಣಮ್ಮ. ನೀನೇ ಕರ್ಕೊಂಡ್ ಬಾ."

"ಮನೇಲೇ ಇದಾರಲ್ಲಕ್ಕ" ಎಂದೆ, ತಮಾಷೆ ಮಾಡುವವಳ ಹಾಗೆ.

ಅವಳು ನಗಲಿಲ್ಲ. "ಇವರು ಬೇಡ. ಗಂಡನಿಗೆ ಹೇಳೋಕಾಗದ್ದನ್ನೇ ಅಲ್ವಾ ಸ್ವಾಮಿಗಳಿಗೆ ಹೇಳೋದು? ಬೇರೆಯೋರು ಬೇಕು."

ಬೇರೆಯವರು ಎಂದರೆ ಇದ್ದವರು ಒಬ್ಬರೇ. ನಾನು ಹೋಗಿ ಸ್ವಾಮಿಗಳಿಗೆ ಹೇಳಿದೆ. ಅಷ್ಟರಲ್ಲಿ ಅವರ ತಲೆಯೂ ಬೆಳ್ಳಗಾಗಿತ್ತು. ಬೇರೆ ಕಡೆಗೆ ವರ್ಗವಾಗಬೇಕಿತ್ತು, ಈ ಜಾಗಕ್ಕೆ ಬರುವವರಿಲ್ಲದೆ ಇಲ್ಲೇ ಉಳಿದಿದ್ದರು. "ಖಂಡಿತ ಬರ್ತೀನಿ ಟೀಚರ್" ಎಂದರು. ಎರಡು ಸಲ ಬಂದರು ಕೂಡ. ಒಮ್ಮೆ ಅವಳಿಗೆ ಇಂಜೆಕ್ಷನ್ನಿನ ಮಂಪರು, ಮಾತೇ ಬರಲಿಲ್ಲ. ಇನ್ನೊಮ್ಮೆ ಅವರು ಕೂತ ಐದು ನಿಮಿಷಕ್ಕೆ ಫೋನು ಬಂತು, ಯಾವುದೋ ಅಪಘಾತ. ನಾಳೆ ಬರುತ್ತೇನೆ ಎಂದು ಹೋದರು. ಆ ನಾಳೆ ಬರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವಳ ಕಾಲು ತಣ್ಣಗಾಗತೊಡಗಿತು. ಸ್ವಾಮಿಗಳ ಫೋನು ಆಫ್. ಪೂಜೆಯ ಹೊತ್ತು, ಆಫ್ ಇರಲೇಬೇಕು. ನಾನು ಸ್ಕೂಟಿ ತೆಗೆದುಕೊಂಡು ಶ್ರೀರಾಂಪುರಕ್ಕೆ ಹೋದೆ. ಪ್ರಾರ್ಥನಾಮಂದಿರದಲ್ಲಿ ಜನ ಹೊರಗೆ ಬರುತ್ತಿದ್ದರು. "ಈಗ ತಾನೆ ಹೊರಟ್ರು ಕಣ್ರೀ, ಹಳ್ಳಿ ಪೂಜೆಗೆ" ಎಂದರು. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ನರಸೀಪುರದ ರಸ್ತೆಗೆ ಬಂದೆ. ಹಳ್ಳಿಯ ಚರ್ಚಿನ ಬಾಗಿಲಲ್ಲಿ ಜನ ಇನ್ನೂ ಸ್ವಾಮಿಗಳಿಗಾಗಿ ಕಾಯುತ್ತಿದ್ದರು. ದಾರಿಯಲ್ಲಿ ಅವರ ಗಾಡಿ ಕೆಟ್ಟಿತ್ತೆಂದು ಆಮೇಲೆ ತಿಳಿಯಿತು. ಅಲ್ಲಿದ್ದವರಿಗೆ ವಿಳಾಸ ಹೇಳಿ, ಬಂದ ತಕ್ಷಣ ಕಳಿಸಿ ಎಂದು ಕೈಮುಗಿದು ವಾಪಸು ಬಂದೆ. ದಾರಿಯುದ್ದಕ್ಕೂ ನಾನು ಯಾರನ್ನು ಬೈದೆನೋ ನನಗೇ ಗೊತ್ತಿಲ್ಲ. ಸ್ವಾಮಿಗಳನ್ನು, ಅವರ ಮೇಲಿನವರನ್ನು, ಮಗನನ್ನು ಪಾಲಿಟೆಕ್ನಿಕ್ಕಿಗೆ ಸೇರಿಸಿದ ನನ್ನ ತಾಯಿಯನ್ನು, ದೇವರನ್ನು.

ಮೇಷ್ಟ್ರು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಕೊರಳಲ್ಲಿ ನೇರಳೆ ಪಟ್ಟಿ ಇತ್ತು. ಅವಳು ಒಳಗೆ ಬಿಟ್ಟುಕೊಂಡಿರಲಿಲ್ಲ.

ನಾನು ಒಬ್ಬಳೇ ಬಂದದ್ದನ್ನು ಅಕ್ಕ ನೋಡಿದಳು. "ಸಿಗಲಿಲ್ವಾ? ನಂಗೊತ್ತಿತ್ತು ಬುಡು" ಎಂದಳು. ಅದರಲ್ಲಿ ಬೈಗುಳವಿರಲಿಲ್ಲ. ಹತ್ತಿರ ಕರೆದು ನನ್ನ ಕಿವಿಯಲ್ಲಿ ಹೇಳಿದಳು. "ನೀನಾದ್ರೂ ಕೇಳ್ಕೋ. ನಿಮ್ಮಮ್ಮ ಅವತ್ತು ಅಂದಿದ್ದು ನಿಜ ಕಣಮ್ಮ. ಸ್ವಾಮಿಗಳು ಸಿಗದೆ ಸತ್ತೋರೆಲ್ಲ ನನ್ ತಲೆ ಮೇಲವ್ರೆ. ಇವರು ಅಷ್ಟೊಂದು ಜನಕ್ಕೆ ಬೇಕಾಗಿದ್ರು, ನಾನೊಬ್ಬಳೇ ಇಟ್ಕೊಂ‌ಡ್ಬುಟ್ಟೆ. ಈ ಮಾತನ್ನ ಅವರಿಗೆ ಎಂಗೆ ಹೇಳ್ಲಿ? ನಮ್ಮ ಸಂಸಾರನೇ ಪಾಪ ಅಂದಂಗಾಗಲ್ವಾ?"

ಇಲ್ಲಕ್ಕ, ಇಲ್ಲ ಎಂದು ನಾನು ಅತ್ತೆ. ನನ್ನ ಮಾತಿಗೆ ಏನು ಬೆಲೆ? ನನಗೆ ಯಾವ ಪಟ್ಟವೂ ಇರಲಿಲ್ಲ. ನನ್ನ ತಾಯಿ ಮೆಟ್ಟಿಲ ಮೇಲೆ ಉಗುಳಿದ ಒಂದು ಮಾತನ್ನು ಇವಳು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅಂದವಳು ಕ್ಷಮೆ ಪಡೆದು ಹಗುರಾಗಿ ಹೋದಳು, ಅನ್ನಿಸಿಕೊಂಡವಳಿಗೆ ಕ್ಷಮೆ ಸಿಗಲಿಲ್ಲ.

"ಅವರನ್ನ ಒಳಗೆ ಕರಿ" ಎಂದಳು. "ಆ ಪಟ್ಟಿ ಹಾಕ್ಕೊಂಡು ಬರ್ಬೇಡ ಅನ್ನು. ಊರಿಗೆಲ್ಲ ಸ್ವಾಮಿ ಆಗ್ಲಿ, ನನಗೆ ಬೇಡ. ನನ್ ಹತ್ರ ಇವರೇ ಬರ್ಲಿ."

ಮೇಷ್ಟ್ರು ಪಟ್ಟಿಯನ್ನು ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಚಮಚದಲ್ಲಿ ಕಾಫಿ ಕುಡಿಸಿದರು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲು ನೇವರಿಸಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಆಮೇಲೆ ಸ್ವಾಮಿಗಳು ಬಂದರು. ಹೆಲ್ಮೆಟ್ ತೆಗೆಯುವುದನ್ನೂ ಮರೆತು ಅಂಗಳದಲ್ಲಿ ನಿಂತುಬಿಟ್ಟರು.

ಊರೆಲ್ಲ ಕ್ಷಮೆ ಹಂಚಿದವನು ಕಟ್ಟಿಕೊಂಡವಳಿಗೆ ಕೊಡಲಿಲ್ಲ ಎಂದು ಜನ ಆಡಿಕೊಂಡರು. ಮೇಷ್ಟ್ರು ನನ್ನನ್ನು ಒಮ್ಮೆ ಮಾತ್ರ, "ಅವಳು ಏನಾದ್ರೂ ಹೇಳಿದ್ಲಾ ಟೀಚರ್?" ಎಂದು ಕೇಳಿದರು. "ನಿಮ್ಮನ್ನ ಕರಿ ಅಂದ್ರು" ಎಂದೆ. ಅವರು ನನ್ನ ಮುಖವನ್ನು ನೋಡಿದರು. ಸಾಯುವವರ ಮಾತು ಕೇಳಿ ಬಂದವರ ಮುಖ ಹೇಗಿರುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಮತ್ತೆ ಕೇಳಲಿಲ್ಲ. ನಾನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಆ ಮಾತಿನಿಂದ ನೋಯುವವರು ಯಾರೂ ಉಳಿದಿಲ್ಲ, ಅದಕ್ಕೇ ಬರೆದಿದ್ದೇನೆ.

ಅವಳ ತಿಂಗಳ ಪೂಜೆಗೆ ಮೊದಲೇ ಮತ್ತೆ ಒಂದು ಆಟೋ ಗೇಟಿಗೆ ಬಂತು. ಹೋಗಲಾರರು ಎಂದುಕೊಂಡೆ, ಹೋದರು. ಮುಂದಿನ ವರ್ಷಗಳಲ್ಲೂ ಕರೆದಾಗೆಲ್ಲ ಹೋದರು. ಬಂದ ಮೇಲೆ ಮನೆಯ ದೀಪ ಹಾಕದೆ ಕೂತಿರುತ್ತಿದ್ದರು. ಟ್ಯೂಷನ್ ನಿಂತಿತು. ಕಾಲು ಊದಿಕೊಂಡಿತು, ಮೂತ್ರಪಿಂಡ ಸೋತಿತು. ಆಸ್ಪತ್ರೆ ಬೇಡವೆಂದರು.

ಈ ಸಲ ಯಾವ ತಪ್ಪೂ ಆಗಬಾರದೆಂದು ನಾನು ವಾರಗಟ್ಟಲೆ ಮೊದಲೇ ಸ್ವಾಮಿಗಳ ಬೆನ್ನು ಹತ್ತಿದ್ದೆ. ಅವರೂ ಮರೆತಿರಲಿಲ್ಲ. ಹೋದ ತಿಂಗಳ ಆ ದಿನ ನಾನು ಫೋನು ಮಾಡಿದ ಅರ್ಧ ಗಂಟೆಗೆ, ಮಧ್ಯಾಹ್ನದ ಊಟವನ್ನೂ ಬಿಟ್ಟು ಓಡಿಬಂದರು. ಪಟ್ಟಿ, ತೈಲ, ಪ್ರಸಾದ ಎಲ್ಲ ತಂದಿದ್ದರು. ಸ್ಟೂಲು ಎಳೆದುಕೊಂಡು ಹತ್ತಿರ ಕೂತು, "ಮೇಷ್ಟ್ರೇ, ನಾನು ಬಂದಿದೀನಿ" ಎಂದರು. ನಾನು ಎದ್ದು ಹೊರಗೆ ಹೊರಟೆ.

"ಟೀಚರ್ ಇರಲಿ" ಎಂದರು ಮೇಷ್ಟ್ರು. ಮಾತು ಬಹಳ ಮೆಲ್ಲಗಿತ್ತು. "ನೀವು ಬಂದಿದ್ದು ಸಂತೋಷ ಸ್ವಾಮಿ. ಆದರೆ ಬೇಡ."

ಸ್ವಾಮಿಗಳಿಗೆ ಅರ್ಥವಾಗಲಿಲ್ಲ. "ಪಾಪಸಂಕೀರ್ತನೆ ಮೇಷ್ಟ್ರೇ. ಎಷ್ಟು ಜನಕ್ಕೆ ನೀವೇ ಕೊಟ್ಟಿದೀರಿ. ಈಗ ನಿಮಗೆ..."

"ಅವಳಿಗೆ ಸಿಗಲಿಲ್ಲ ಸ್ವಾಮಿ. ನಾನೊಬ್ಬ ತಗೊಂಡು ಹೋದ್ರೆ ಅವಳು ಅಲ್ಲಿ ಒಬ್ಬಳೇ ಆಗ್ಬುಡ್ತಾಳೆ."

ಸ್ವಾಮಿಗಳು ಏನೇನೋ ಹೇಳಿದರು. ದೇವರ ಕರುಣೆಯ ಬಗ್ಗೆ, ಅವಳು ಖಂಡಿತ ಒಳ್ಳೆಯ ಕಡೆಗೇ ಹೋಗಿದ್ದಾಳೆಂಬ ಬಗ್ಗೆ. ಮೇಷ್ಟ್ರು ಎಲ್ಲವನ್ನೂ ಮರ್ಯಾದೆಯಿಂದ ಕೇಳಿದರು. ಇವನ್ನೆಲ್ಲ ಎಷ್ಟು ಮನೆಗಳಲ್ಲಿ ಅವರೇ ಹೇಳಿದ್ದರೋ. ಕೇಳಿ, ಇಲ್ಲವೆಂದು ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಎಚ್ಚರ ತಪ್ಪಿತು.

ಸ್ವಾಮಿಗಳ ಕೈ ತೈಲದ ಡಬ್ಬಿಯ ಕಡೆಗೆ ಹೋಯಿತು. "ಪ್ರಜ್ಞೆ ಇಲ್ಲದಿದ್ರೂ ಕೊಡ್ಬೋದು ಟೀಚರ್. ಅದಕ್ಕೆ ಅವಕಾಶ ಇದೆ" ಎಂದು ನನ್ನ ಮುಖ ನೋಡಿದರು.

"ಎಚ್ಚರ ಇದ್ದಾಗ ಬೇಡ ಅಂದಿದಾರೆ ಸ್ವಾಮಿ" ಎಂದೆ.

ಅವರು ಡಬ್ಬಿಯನ್ನು ಮುಚ್ಚಿದರು. ಇನ್ನು ಹೊರಡುತ್ತಾರೆಂದುಕೊಂಡೆ. ಹೊರಡಲಿಲ್ಲ. ಮೇಷ್ಟ್ರ ಬಲಗೈಯನ್ನು ಎತ್ತಿ ತಮ್ಮ ಎರಡೂ ಕೈಗಳಲ್ಲಿ ಇಟ್ಟುಕೊಂಡು ಕೂತರು. ಐದೂವರೆಯ ಹೊತ್ತಿಗೆ ಚರ್ಚಿನ ಮೊದಲ ಗಂಟೆ ಕೇಳಿಸಿತು. ಶನಿವಾರ, ಭಾನುವಾರಕ್ಕೆ ಸಲ್ಲುವ ಸಂಜೆ ಪೂಜೆ ಇತ್ತು. ಸ್ವಾಮಿಗಳ ಜೇಬಿನಲ್ಲಿ ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಅವರು ಒಂದು ಕೈಯನ್ನು ಬಿಡಿಸಿಕೊಂಡು ಅದನ್ನು ಆಫ್ ಮಾಡಿ, ಆ ಕೈಯನ್ನು ಮತ್ತೆ ಅಲ್ಲೇ ಇಟ್ಟರು. ಎರಡನೆಯ ಗಂಟೆಯೂ ಆಯಿತು. "ಸ್ವಾಮಿ, ಜನ ಕಾಯ್ತಿರ್ತಾರೆ" ಎಂದೆ.

ಮೇಷ್ಟ್ರ ಉಸಿರು ನಿಂತ ಮೇಲೂ ಬಹಳ ಹೊತ್ತು ಅವರು ಸ್ಟೂಲಿನಿಂದ ಏಳಲಿಲ್ಲ. ಅವತ್ತು ಸಂಜೆ ನಮ್ಮ ಚರ್ಚಿನಲ್ಲಿ ಪೂಜೆ ನಡೆಯಲಿಲ್ಲ.